ನಂದಗಡದ ಆಲ, ಹಿಂಡಲಗಾದ ಗೋಡೆ

2024ನೆಯ ಇಸವಿಯ ಎಪ್ರಿಲ್ ತಿಂಗಳಲ್ಲಿ ಹುಬ್ಬಳ್ಳಿಯ ಕಾಲೇಜೊಂದರ ಆವರಣದಲ್ಲಿಯೇ ವಿದ್ಯಾರ್ಥಿನಿಯೊಬ್ಬಳ ಕೊಲೆಯಾದಾಗ ಬೆಳಗಾವಿಯ ಕಾಲೇಜುಗಳ ಹುಡುಗ ಹುಡುಗಿಯರೂ ಬೀದಿಗಿಳಿದರು. ನಮ್ಮ ಕಾಲೇಜಿನವರೂ ಅವರಲ್ಲಿದ್ದರು. ಅವರು ಕೈಯಲ್ಲಿ ಹಿಡಿದ ರಟ್ಟುಗಳ ಮೇಲಿದ್ದದ್ದು ಹೆಚ್ಚುಕಡಿಮೆ ಒಂದೇ ಮಾತು: ‘ಗಲ್ಲಿಗೇರಿಸಿ’. ವರುಷವಿಡೀ ಉತ್ತರಪತ್ರಿಕೆಗಳನ್ನು ತಿದ್ದುವವನಿಗೆ ಅಕ್ಷರಗಳ ಗುರುತು ಸಿಕ್ಕೇ ಸಿಗುತ್ತದೆ. ಹಳಗನ್ನಡದ ಪತ್ರಿಕೆಯಲ್ಲಿ ಅಂಜಿ ಅಂಜಿ ಬರೆಯುವ ಹುಡುಗಿಯೊಬ್ಬಳು ಅಂದು ಕೆಂಪು ಮಸಿಯಲ್ಲಿ ಗಟ್ಟಿಯಾಗಿ ಬರೆದಿದ್ದಳು. ಅವರ ಸಿಟ್ಟು ಸುಳ್ಳಾಗಿರಲಿಲ್ಲ. ಅವರ ವಯಸ್ಸಿನವಳೇ ಒಬ್ಬಳು ಹೋಗಿದ್ದಳು.

ಮರುವರ್ಷದ ಜನೇವರಿಯಲ್ಲಿ ಅದೇ ಮಕ್ಕಳಲ್ಲಿ ಕೆಲವರನ್ನು ಕರೆದುಕೊಂಡು ಖಾನಾಪುರ ತಾಲೂಕಿನ ನಂದಗಡಕ್ಕೆ ಹೋಗಿದ್ದೆ. ಸಂಗೊಳ್ಳಿ ರಾಯಣ್ಣನ ಸಮಾಧಿಯ ಮೇಲಿನ ಆಲದ ಮರದ ಕೆಳಗೆ ಎಲ್ಲರೂ ಚಪ್ಪಲಿ ಕಳಚಿ ಕೈಮುಗಿದು ನಿಂತರು. ಅಲ್ಲಿ ಹರಕೆಯ ತೊಟ್ಟಿಲುಗಳನ್ನು ಕಟ್ಟುವುದುಂಟು. ಮಕ್ಕಳಾಗದವರು ಬಂದು ಬೇಡಿಕೊಂಡು ಕಟ್ಟಿ ಹೋಗುತ್ತಾರೆ. ಸರಕಾರವು ಗಲ್ಲಿಗೆ ಹಾಕಿದ ಮನುಷ್ಯನ ಬಳಿಗೆ ಸಂತಾನ ಬೇಡಲು ಬರುವುದು ಲೋಕದಲ್ಲಿ ಇನ್ನೆಲ್ಲಿ ಉಂಟೋ ನಾನರಿಯೆ. ತೊಟ್ಟಿಲುಗಳನ್ನು ನೋಡುತ್ತ ನಿಂತಿದ್ದ ಖಾನಾಪುರ ಕಡೆಯ ಹುಡುಗನೊಬ್ಬ ಕೇಳಿದ: “ಸರ್, ಅವಂಗ ಫಾಶಿ ಕೊಟ್ಟ ದಿವಸ ಊರ ಮಂದಿ ಏನ್ ಅಂದಿರಬೇಕ್ರೀ?”

ಆ ಕ್ಷಣಕ್ಕೆ ನಾನು ಏನೋ ಒಂದು ಹೇಳಿ ಮುಂದೆ ನಡೆದೆ. ಆದರೆ ಪ್ರಶ್ನೆ ಸಣ್ಣದಲ್ಲ. ಗಲ್ಲುಶಿಕ್ಷೆಯ ಬಗ್ಗೆ ಜನ ಏನೆನ್ನುತ್ತಾರೆ, ಒಂದೊಂದು ಸೀಮೆಯ ಜನ ಒಂದೊಂದು ಬಗೆಯಾಗಿ ಅನ್ನುವುದೇಕೆ ಎಂಬುದನ್ನು ವಿಚಾರಿಸುವವರು ಈಗ ಸಮೀಕ್ಷೆಗಳನ್ನೂ ಪ್ರಶ್ನಾವಳಿಗಳನ್ನೂ ಹಿಡಿದು ಹೊರಡುತ್ತಾರೆ. 1831ರಲ್ಲಿ ನಂದಗಡದಲ್ಲಿ ಯಾರೂ ಪ್ರಶ್ನಾವಳಿ ಹಂಚಲಿಲ್ಲ. ಆದರೂ ಉತ್ತರ ಉಳಿದುಬಂದಿದೆ.

ಕತೆಯ ಮೊದಲ ಭಾಗ ಎಲ್ಲರಿಗೂ ತಿಳಿದದ್ದು. 1824ರ ಅಕ್ಟೋಬರ್ 23ರಂದು ಕಿತ್ತೂರ ಕೋಟೆಯ ಮುಂದೆ ಥ್ಯಾಕರೆ ಬಿದ್ದ. ಡಿಸೆಂಬರಿನಲ್ಲಿ ಕೋಟೆ ಬಿತ್ತು. ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡಳು. ಸಂಸ್ಥಾನದ ಚಾಕರಿಗಾಗಿ ಇನಾಮು ಭೂಮಿ ಉಂಬಳಿಯಾಗಿ ಪಡೆದಿದ್ದ ಮನೆತನದವನು ರಾಯಣ್ಣ. ಹೊಸ ಸರಕಾರದ ಕಂದಾಯ, ಭೂಮಿಯ ಜಪ್ತಿ, ಊರ ಕುಲಕರ್ಣಿಗಳ ಕಿರುಕುಳ, ಇವುಗಳ ಜೊತೆಗೆ ಕಿತ್ತೂರಿನ ಅಭಿಮಾನವೂ ಕೂಡಿ 1830ರ ಜನೇವರಿಯಲ್ಲಿ ಬಂಡು ಎದ್ದಿತು. ಬೀಡಿಯ ಕಚೇರಿ ಸುಟ್ಟಿತು; ನಂದಗಡ, ಖಾನಾಪುರ, ಸಂಪಗಾವಿಗಳ ಮೇಲೆ ದಾಳಿ ನಡೆಯಿತು. ಕಚೇರಿಯನ್ನು ಸುಡುವುದೆಂದರೆ ಕಾಗದವನ್ನು ಸುಡುವುದು ಎಂಬುದನ್ನು ಮರೆಯಬಾರದು. ರೈತನ ಮೇಲಿನ ಬಾಕಿ ಇದ್ದದ್ದು ಆ ಕಾಗದದಲ್ಲಿಯೇ. ಎಪ್ರಿಲ್ ತಿಂಗಳಲ್ಲಿ ಡೋರಿ ಹಳ್ಳದಲ್ಲಿ ಸ್ನಾನಕ್ಕಿಳಿದಾಗ ನಮ್ಮವರೇ ಹಿಡಿದುಕೊಟ್ಟರು. ವಿಚಾರಣೆಯಾಗಿ 1831ರ ಜನೇವರಿ 26ರಂದು ನಂದಗಡದಲ್ಲಿ ಗಲ್ಲಾಯಿತು. ಸಂಗಡಿಗರಲ್ಲಿ ಕೆಲವರಿಗೂ ಅದೇ ಗತಿ.

ಧಾರವಾಡವಲ್ಲ, ಬೆಳಗಾವಿಯ ಕೋಟೆಯಲ್ಲ, ನಂದಗಡ. ಯಾವ ಊರ ಮೇಲೆ ಬಂಡುಗಾರ ದಾಳಿ ಮಾಡಿದನೋ ಆ ಸೀಮೆಯಲ್ಲಿಯೇ, ಆ ಜನರ ಕಣ್ಣೆದುರೇ ಗಲ್ಲು ಹಾಕುವುದು ಆ ಕಾಲದ ರಾಜ್ಯನೀತಿ. ಶಿಕ್ಷೆ ಅಪರಾಧಿಗೆ ಮಾತ್ರವಲ್ಲ, ನೋಡುವವರಿಗೆ, ನೋಡಿದವರು ಅಂಜಬೇಕು. ಜನಾಭಿಪ್ರಾಯವನ್ನು ಹಗ್ಗದಿಂದ ತಿದ್ದುವ ಪ್ರಯತ್ನ ಎನ್ನಬಹುದು. 1837ರ ಅಕ್ಟೋಬರ್ 31ರಂದು ಮಡಿಕೇರಿಯ ಕೋಟೆಯಲ್ಲಿ ಗುಡ್ಡೆರ ಅಪ್ಪಯ್ಯಗೌಡನನ್ನು ಗಲ್ಲಿಗೇರಿಸಿದಾಗಲೂ, 1857ರ ಡಿಸೆಂಬರಿನಲ್ಲಿ ಹಲಗಲಿಯ ಬೇಡರಲ್ಲಿ ಹತ್ತೊಂಬತ್ತು ಜನರನ್ನು ಮುಧೋಳದಲ್ಲೂ ಹಲಗಲಿಯಲ್ಲೂ ಹಂಚಿ ತೂಗುಹಾಕಿದಾಗಲೂ ಲೆಕ್ಕಾಚಾರ ಇದೇ. ಬೆಳಗಾವಿಯ ಪಾಲಿಗೂ ಒಂದು ಬಂತು. ನರಗುಂದದ ಬಾಬಾಸಾಹೇಬನು 1858ರ ಮೇ 29ರ ರಾತ್ರಿ ಸುರೇಬಾನದಲ್ಲಿ ಮ್ಯಾನ್ಸನ್ ಎಂಬ ಅಧಿಕಾರಿಯನ್ನು ಕೊಲ್ಲಿಸಿದನು. ಜೂನ್ 12ರಂದು ಬೆಳಗಾವಿಯಲ್ಲಿ ಅವನಿಗೆ ಗಲ್ಲಾಯಿತು. ನಡುವೆ ಹದಿನಾಲ್ಕು ದಿನ! ಓಡಿದ್ದು, ಹಿಡಿದದ್ದು, ವಿಚಾರಣೆ, ತೀರ್ಪು ಎಲ್ಲವೂ ಆ ಹದಿನಾಲ್ಕರಲ್ಲಿ. ಇಂದು ನ್ಯಾಯ ತಡವಾಯಿತೆಂದು ಗೊಣಗುವವರು ಈ ತ್ವರೆಯನ್ನೂ ಒಮ್ಮೆ ನೆನೆಯುವುದೊಳ್ಳೆಯದು.

ಜನ ಅಂಜಿದರೇ? ಅಂಜಿರಬೇಕು. ಆದರೆ ಒಪ್ಪಲಿಲ್ಲ. ಒಪ್ಪಲಿಲ್ಲವೆಂಬುದಕ್ಕೆ ಸಾಕ್ಷಿ ಲಾವಣಿ. ರಾಯಣ್ಣನ ಮೇಲೆ, ಹಲಗಲಿಯ ಬೇಡರ ಮೇಲೆ ಹಾಡು ಹುಟ್ಟಿ ಡಪ್ಪು ತುಂತುಣಿಗಳ ಮೇಳದೊಡನೆ ಜಾತ್ರೆಯಿಂದ ಜಾತ್ರೆಗೆ ನಡೆದವು. ತಮಾಷೆಯ ಸಂಗತಿಯೆಂದರೆ, ಇವುಗಳನ್ನು ಮೊದಲು ಬರೆದುಕೊಂಡು ಅಚ್ಚಿಗೆ ಕೊಟ್ಟವನು ಅದೇ ಸರಕಾರದ ಒಬ್ಬ ಅಧಿಕಾರಿ. ಮುಂಬಯಿ ಇಲಾಖೆಯ ಸಿವಿಲ್ ಸರ್ವಿಸಿನಲ್ಲಿದ್ದ ಜೆ. ಎಫ್. ಫ್ಲೀಟ್, ನಮ್ಮ ಶಾಸನಗಳಿಗಾಗಿ ಬಿಸಿಲಲ್ಲಿ ಅಲೆದ ಆ ಪಂಡಿತ, ಹಳ್ಳಿಗರ ಬಾಯಿಂದ ಈ ಪದಗಳನ್ನು ಕೇಳಿ ಬರೆದುಕೊಂಡು 1885ರ ಸುಮಾರಿಗೆ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟಿಸಿದ. ಸರಕಾರದ ದಫ್ತರದಲ್ಲಿ ದರೋಡೆಕಾರನೆಂದು ಬರೆಯಲ್ಪಟ್ಟವನು ಸರಕಾರದ ಅಧಿಕಾರಿಯೇ ಸಂಗ್ರಹಿಸಿದ ಹಾಡಿನಲ್ಲಿ ವೀರ. ಈಗ ಹಲಗಲಿಯ ಲಾವಣಿಯನ್ನು ಹತ್ತನೆಯ ತರಗತಿಯ ಮಕ್ಕಳು ಕಂಠಪಾಠ ಮಾಡಿದ್ದಾರೆ. ದಫ್ತರ ಸೋತಿತು.

ಆದರೆ ಈ ಲಾವಣಿಗಳನ್ನು ವರುಷಗಟ್ಟಲೆ ಪಾಠ ಮಾಡಿದವನಾಗಿ ನನಗೆ ಒಂದು ಮಾತು ಹೊಳೆದಿದೆ. ಹೊಗಳಿಕೆಯ ಭರದಲ್ಲಿ ನಾವು ಅದನ್ನು ಬಿಟ್ಟುಬಿಡುತ್ತೇವೆ. ಈ ಹಾಡುಗಳು ಎಲ್ಲಿಯೂ ಗಲ್ಲುಶಿಕ್ಷೆ ತಪ್ಪು ಎನ್ನುವುದಿಲ್ಲ. ಇಂಥವನನ್ನು ಗಲ್ಲಿಗೇರಿಸಿದ್ದು ಅನ್ಯಾಯವೆಂದು ಮರುಗುತ್ತವೆ, ಹಿಡಿದುಕೊಟ್ಟವರನ್ನು ಶಪಿಸುತ್ತವೆ. ಕೊಟ್ಟವರಿಗೆ ಹಗ್ಗ ಬಿದ್ದಿದ್ದರೆ ಅದೇ ಹಾಡುಗಾರ ಅದನ್ನೂ ಕುಣಿದು ಹಾಡಿರುತ್ತಿದ್ದ. ಜನ ತೂಗಿದ್ದು ಮನುಷ್ಯನನ್ನು, ಶಿಕ್ಷೆಯನ್ನಲ್ಲ. ನನ್ನ ವಿದ್ಯಾರ್ಥಿಗಳು ಎಪ್ರಿಲಿನಲ್ಲಿ ರಟ್ಟು ಹಿಡಿದು ಜನೇವರಿಯಲ್ಲಿ ಕೈಮುಗಿದದ್ದರಲ್ಲಿ ವಿರೋಧಾಭಾಸ ಕಂಡವರು ಇದನ್ನು ಗಮನಿಸಬೇಕು. ಅವರು ಲಾವಣಿಕಾರನ ದಾರಿಯಲ್ಲಿಯೇ ಇದ್ದಾರೆ.

ಇದು ಲಾವಣಿಗಿಂತ ಹಳೆಯ ದಾರಿಯೂ ಹೌದು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ಹರಳಯ್ಯ ಮಧುವರಸರಿಗೆ ಎಳೆಹೂಟೆಯ ಶಿಕ್ಷೆಯಾಯಿತೆಂದು ಶರಣ ಪರಂಪರೆ ಹೇಳುತ್ತದೆ. ಅವರು ಮಾಡಿದ ಅಪರಾಧ, ಮಕ್ಕಳ ಮದುವೆ. ಆ ಬಳಿಕ ಚದುರಿದ ಶರಣರು ನಮ್ಮ ಸೀಮೆಯ ಮೂಲಕವೇ ಉಳವಿಯ ಕಡೆಗೆ ನಡೆದರಂತೆ. ಡೋಹರ ಕಕ್ಕಯ್ಯನ ಐಕ್ಯಸ್ಥಳವೆಂದು ಭಕ್ತರು ನಂಬುವ ಕಕ್ಕೇರಿ ಇರುವುದು ಇದೇ ಖಾನಾಪುರ ತಾಲೂಕಿನಲ್ಲಿ, ರಾಯಣ್ಣ ಸುಟ್ಟ ಬೀಡಿಗೆ ಸಮೀಪದಲ್ಲಿ. ಒಂದೇ ತಾಲೂಕಿನಲ್ಲಿ ರಾಜದಂಡನೆಯ ಎರಡು ನೆನಪುಗಳು, ಎರಡಕ್ಕೂ ಜಾತ್ರೆ. ಎಳೆಹೂಟೆ, ಶೂಲ, ನೇಣು, ಗಲ್ಲು ಎಂದು ನಮ್ಮ ಭಾಷೆಯಲ್ಲಿ ಕೊಲ್ಲುವ ವಿಧಾನಗಳಿಗೆ ಹೆಸರುಗಳ ಬಡತನವಿಲ್ಲ. ಬೆಳಗಾವಿಯ ಬಾಯಿಮಾತಿನಲ್ಲಿ ಮಾತ್ರ ಅದು ಮರಾಠಿಯಿಂದ ಬಂದ ‘ಫಾಶಿ’. ಖಾನಾಪುರ ತಾಲೂಕಿನಲ್ಲಿ ಮರಾಠಿ ಮಾತನಾಡುವವರು ಬಹಳ. ನಂದಗಡದ ಪೇಟೆಯಲ್ಲಿ ಎರಡೂ ಭಾಷೆ ಕೇಳುತ್ತದೆ. 2020ರ ಆಗಸ್ಟಿನಲ್ಲಿ ಖಾನಾಪುರದ ರಸ್ತೆಯ ಪೀರನವಾಡಿಯಲ್ಲಿ ರಾಯಣ್ಣನ ಪ್ರತಿಮೆಗಾಗಿ ಎರಡು ಭಾಷೆಯವರಲ್ಲಿ ಜಗ್ಗಾಟ ನಡೆದದ್ದು ವಾಚಕರಿಗೆ ನೆನಪಿರಬಹುದು. ಪ್ರತಿಮೆ ನಿಂತಿತು, ವೃತ್ತಕ್ಕೆ ಶಿವಾಜಿ ಮಹಾರಾಜರ ಹೆಸರಾಯಿತು. ಹುತಾತ್ಮನನ್ನು ಭಾಷೆಯ ಗಡಿಗೆ ಗೂಟ ಮಾಡಿಕೊಳ್ಳುವ ನಮ್ಮ ಚಟದ ಬಗ್ಗೆ ಇಲ್ಲಿ ಹೆಚ್ಚು ಬರೆಯಲಾರೆ.

ಇನ್ನು ಸೀಮೆ ಸೀಮೆಗಳ ಭೇದ. 1862ರ ಜನೇವರಿ 1ರಿಂದ ಇಂಡಿಯನ್ ಪೀನಲ್ ಕೋಡ್ ಜಾರಿಗೆ ಬಂದು ಬ್ರಿಟಿಷ್ ಇಂಡಿಯಾಕ್ಕೆಲ್ಲ ಒಂದೇ ಕಾಯದೆಯಾಯಿತು. ಕ್ರಮೇಣ ಗಲ್ಲು ಬಯಲಿನಿಂದ ಸೆರೆಮನೆಯ ಒಳಗೆ ಸರಿಯಿತು. ಇಂಗ್ಲೆಂಡಿನಲ್ಲಿಯೂ 1868ರಲ್ಲಿ ಬಹಿರಂಗ ಗಲ್ಲು ನಿಂತಿತು. ಆದರೆ ಸಂಸ್ಥಾನಗಳಲ್ಲಿ ಕ್ಷಮಾದಾನ ಅರಸನ ಕೈಯಲ್ಲಿ. ಕನ್ನಡಿಗರ ಮಟ್ಟಿಗೆ ಇದರ ಅರ್ಥ 1943ರ ಮಾರ್ಚ್ ತಿಂಗಳಲ್ಲಿ ತಿಳಿಯಿತು. ಆ ಒಂದು ತಿಂಗಳು ವಿಚಿತ್ರವಾದದ್ದು. ಶಿವಮೊಗ್ಗ ಜಿಲ್ಲೆಯ ಈಸೂರಿನಲ್ಲಿ 1942ರ ಸೆಪ್ಟೆಂಬರಿನ ಗಲಭೆಯಲ್ಲಿ ಅಮಲ್ದಾರರೂ ಸಬ್ ಇನ್ಸ್‌ಪೆಕ್ಟರರೂ ಕೊಲೆಯಾಗಿದ್ದರು. ಅದಕ್ಕಾಗಿ ಊರಿನ ಐವರನ್ನು, ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಗೌಡ್ರ ಶಂಕರಪ್ಪ, ಮಾರ್ಚ್ 8ರಿಂದ 10ರ ವರೆಗೆ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಗಲ್ಲಿಗೇರಿಸಲಾಯಿತು. ಮೈಸೂರು ನಮ್ಮ ಅರಸರ ನಾಡು, ಮಾದರಿ ಸಂಸ್ಥಾನ. ಆದರೂ ಹಗ್ಗ ನಿಲ್ಲಲಿಲ್ಲ. ಮೂರು ವಾರ ಕಳೆಯುವಷ್ಟರಲ್ಲಿ, ಮಾರ್ಚ್ 29ರಂದು, ಆಗ ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕಿಗೆ ಸೇರಿದ್ದ ಕಯ್ಯೂರಿನ ನಾಲ್ವರು ರೈತ ಹೋರಾಟಗಾರರಿಗೆ ಕಣ್ಣೂರಿನ ಸೆರೆಮನೆಯಲ್ಲಿ ಗಲ್ಲಾಯಿತು. ಮೆರವಣಿಗೆಯೊಂದರಲ್ಲಿ ಸಿಕ್ಕಿಬಿದ್ದ ಪೊಲೀಸನೊಬ್ಬ ಹೊಳೆಯಲ್ಲಿ ಸತ್ತದ್ದು ಅಪರಾಧ. ಐದನೆಯವನು ಇನ್ನೂ ಹುಡುಗನೆಂದು ಉಳಿದ. ಆ ಕಡೆ ನೀಲೇಶ್ವರದಲ್ಲಿ ಓದಿದ್ದ ನಿರಂಜನರು 1955ರಲ್ಲಿ ‘ಚಿರಸ್ಮರಣೆ’ ಬರೆದರು. ಮಲಯಾಳಿಗಳು ಅದನ್ನು ತಮ್ಮ ಭಾಷೆಗೆ ತಂದುಕೊಂಡು ನಮಗಿಂತ ಹೆಚ್ಚು ಓದಿದರು.

ಅದರ ಮರುವರ್ಷ, 1944ರಲ್ಲಿ, ಇನ್ನೂ ತೆಂಕಣದ ತಿರುವಾಂಕೂರಿನ ಅರಸರು ಘೋಷಣೆ ಹೊರಡಿಸಿ ತಮ್ಮ ಸಂಸ್ಥಾನದಲ್ಲಿ ಮರಣದಂಡನೆಯನ್ನೇ ತೆಗೆದುಹಾಕಿದರು. ಸ್ವಾತಂತ್ರ್ಯದ ನಂತರ ಇಡೀ ದೇಶಕ್ಕೆ ಒಂದೇ ಕಾಯದೆ ಅನ್ವಯವಾದಾಗ ಅಲ್ಲಿಗೆ ಗಲ್ಲು ಮರಳಿ ಬಂತು. ಸ್ವತಂತ್ರ ಭಾರತವು ಒಂದು ಸೀಮೆಗೆ ಕೊಟ್ಟ ಕಾಣಿಕೆಗಳಲ್ಲಿ ಇದೂ ಒಂದೆಂಬುದು ವಿಷಾದದ ಸಂಗತಿ. ಅದರಲ್ಲಿಯೂ ಕಾಂಗ್ರೆಸ್ಸು 1931ರಲ್ಲಿ ಕರಾಚಿಯಲ್ಲಿ ಮಾಡಿ, ಅದೇ ವರ್ಷ ಮುಂಬಯಿಯಲ್ಲಿ ತಿದ್ದಿದ ಮೂಲಭೂತ ಹಕ್ಕುಗಳ ಠರಾವಿನಲ್ಲಿ ಮರಣದಂಡನೆ ಇರಕೂಡದೆಂಬ ಕಲಮು ಇತ್ತು. ಭಗತ್ ಸಿಂಗನ ಗಲ್ಲಿನ ಬಿಸಿ ಆರದ ವರ್ಷ ಅದು. ಸಂವಿಧಾನ ಸಭೆಯಲ್ಲಿ 1949ರ ಜೂನ್ 3ರಂದು ಡಾ. ಅಂಬೇಡ್ಕರರೂ ಮೇಲ್ಮನವಿಗಳ ಚರ್ಚೆಯ ನಡುವೆ, ಇದಕ್ಕಿಂತ ಈ ಶಿಕ್ಷೆಯನ್ನೇ ರದ್ದುಮಾಡುವುದು ತಮಗೆ ಒಪ್ಪಿಗೆಯೆಂದರು. ಅಹಿಂಸೆಯನ್ನು ನಮ್ಮ ಜನ ಆಚರಣೆಯಲ್ಲಿ ಬಿಟ್ಟರೂ ಧರ್ಮವೆಂದು ಮನ್ನಿಸುತ್ತಾರೆಂಬುದು ಅವರ ಕಾರಣ. ಕಲಮೂ ಮಾತೂ ಕಾಗದದಲ್ಲಿ ಉಳಿದವು. 1958ರಲ್ಲಿ ರಾಜ್ಯಸಭೆಯಲ್ಲಿ ಗಲ್ಲು ರದ್ದಾಗಲೆಂದು ಠರಾವು ತಂದವರು ಯಾರೆಂದು ಬಲ್ಲಿರಾ? ಚಿತ್ರನಟ ಪೃಥ್ವಿರಾಜ್ ಕಪೂರ್. ಚರ್ಚೆಯಾಯಿತು, ಠರಾವನ್ನು ಹಿಂತೆಗೆದುಕೊಂಡರು.

ಅನಂತರ 1967ರಲ್ಲಿ ಕಾಯದೆ ಆಯೋಗ ತನ್ನ 35ನೆಯ ವರದಿಯನ್ನು ಕೊಟ್ಟಿತು. ದೇಶದ ಎಲ್ಲ ಕಡೆಯಿಂದ ಅಭಿಪ್ರಾಯ ಕೇಳಿ, ಸಂಗ್ರಹಿಸಿ, ತೂಗಿ ಆಯೋಗ ಬಂದು ಮುಟ್ಟಿದ ನಿರ್ಣಯದ ಸಾರಾಂಶ ಹೀಗೆ: ದೇಶ ವಿಶಾಲ, ಜನ ನಾನಾ ಬಗೆ, ವಿದ್ಯೆಯಲ್ಲೂ ನೀತಿಯಲ್ಲೂ ಒಬ್ಬರಂತೊಬ್ಬರಿಲ್ಲ, ಆದ್ದರಿಂದ ಗಲ್ಲು ತೆಗೆಯುವ ಪ್ರಯೋಗಕ್ಕೆ ಕೈಹಾಕುವಂತಿಲ್ಲ. ಸೀಮೆ ಸೀಮೆಗಳ ವ್ಯತ್ಯಾಸವೇ ಶಿಕ್ಷೆಯನ್ನು ಉಳಿಸಿಕೊಳ್ಳಲು ಕಾರಣವಾಯಿತು. ಪಂಡಿತರ ಮೇಲೆ ಗೌರವವಿಟ್ಟೂ ಈ ವಾದ ನನಗೆ ತಲೆಕೆಳಗಾಗಿ ಕಾಣುತ್ತದೆ. ವ್ಯತ್ಯಾಸ ಇದ್ದದ್ದು ನಿಜವಾದರೆ, ಆ ಪ್ರಯೋಗವನ್ನು ಒಂದು ಸೀಮೆ ಆಗಲೇ ಮಾಡಿ ತೋರಿಸಿತ್ತಲ್ಲ!

ಕಾಯದೆ ಮಾತ್ರ ಮೆಲ್ಲಗೆ ಹೊರಳಿತು. 1955ರ ತಿದ್ದುಪಡಿಯವರೆಗೆ ಕೊಲೆಗಾರನಿಗೆ ಗಲ್ಲು ಕೊಡದಿದ್ದರೆ ನ್ಯಾಯಾಧೀಶರು ಕಾರಣ ಬರೆಯಬೇಕಾಗಿತ್ತು. 1973ರ ಹೊಸ ಸಂಹಿತೆ ಬಂದಮೇಲೆ, ಕೊಟ್ಟರೆ ವಿಶೇಷ ಕಾರಣ ಬರೆಯಬೇಕಾಯಿತು. 1980ರ ಬಚನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ‘ಅಪರೂಪದಲ್ಲಿ ಅಪರೂಪ’ ಎಂಬ ಅಳತೆಗೋಲನ್ನು ಹಾಕಿತು. ಅದೇ ತೀರ್ಪಿನಲ್ಲಿ, ನ್ಯಾಯಾಧೀಶರು ಜನಾಭಿಪ್ರಾಯದ ವಕ್ತಾರರಾಗಲು ಹೊರಡಬಾರದೆಂದೂ ಎಚ್ಚರಿಸಿತು. ಮೂರೇ ವರ್ಷಕ್ಕೆ, 1983ರ ಮಾಛೀ ಸಿಂಗ್ ಪ್ರಕರಣದಲ್ಲಿ, ಸಮಾಜದ ಸಾಮೂಹಿಕ ಅಂತಃಸಾಕ್ಷಿ ಎಂಬ ಮಾತು ತೀರ್ಪಿನೊಳಗೆ ಬಂತು. ಮುಂದಿನ ಬಾಗಿಲಿನಿಂದ ಕಳಿಸಿದ ಅತಿಥಿ ಹಿತ್ತಲಿನಿಂದ ಬಂದು ಕುಳಿತಂತಾಯಿತು.

ಅದೇ 1983, ಬೆಳಗಾವಿಯ ಲೆಕ್ಕದಲ್ಲಿಯೂ ನೆನಪಿಡುವ ವರ್ಷ. ಪಟ್ಟಣದ ಹೊರಗೆ ಹಿಂಡಲಗಾದಲ್ಲಿರುವ ಸೆಂಟ್ರಲ್ ಜೈಲಿನಲ್ಲಿ ಕೊನೆಯ ಗಲ್ಲಾದದ್ದು ಆ ವರ್ಷ. ಅಲ್ಲಿಂದೀಚೆಗೆ ಅಲ್ಲಿ ಯಾರನ್ನೂ ತೂಗುಹಾಕಿಲ್ಲ. ಆದರೆ ಕರ್ನಾಟಕದ ಯಾವ ಮೂಲೆಯಲ್ಲಿ ಮರಣದಂಡನೆ ವಿಧಿಸಿದರೂ ಕೈದಿಯನ್ನು ತಂದಿಡುತ್ತ ಬಂದದ್ದು ಇಲ್ಲಿಗೇ. ಈಸೂರಿನವರನ್ನು ಗಲ್ಲಿಗೇರಿಸಿದ ಬೆಂಗಳೂರಿನ ಹಳೆಯ ಜೈಲು ಈಗ ‘ಫ್ರೀಡಂ ಪಾರ್ಕ್’. ಮಕ್ಕಳು ಆಡುತ್ತಾರೆ, ಸಂಘಗಳು ಧರಣಿ ಕೂಡುತ್ತವೆ. ಬೆಂಗಳೂರಿಗೆ ಗಲ್ಲು ಇತಿಹಾಸ. ಬೆಳಗಾವಿಗೆ ಅದು ನೆರೆಮನೆ. ವೆಂಗುರ್ಲಾ ರಸ್ತೆಯ ಕಡೆ ಹೋಗುವವರು ಬಸ್ಸಿನ ಕಿಟಕಿಯಿಂದ ಗೋಡೆ ನೋಡುತ್ತಾರೆ, ಮಾತು ಮುಂದುವರಿಸುತ್ತಾರೆ. ಆ ಗೋಡೆಯಿಂದ ನಂದಗಡದ ಆಲಕ್ಕೆ ಐವತ್ತು ಕಿಲೋಮೀಟರಿನಷ್ಟೂ ಇಲ್ಲ.

2013ರ ಫೆಬ್ರುವರಿಯಲ್ಲಿ ಆ ಮಾತು ಕೆಲವು ದಿನ ನಿಂತಿತ್ತು. 1993ರ ಎಪ್ರಿಲಿನಲ್ಲಿ ಪಾಲಾರಿನ ಬಳಿ ನೆಲಬಾಂಬಿಗೆ 22 ಜನ ಬಲಿಯಾದರಷ್ಟೆ. ಆ ಪ್ರಕರಣದಲ್ಲಿ ವೀರಪ್ಪನ್ನನ ನಾಲ್ವರು ಸಹಚರರಿಗೆ ಮೈಸೂರಿನ ಟಾಡಾ ಕೋರ್ಟು ಆಜೀವ ಕಾರಾವಾಸ ವಿಧಿಸಿತ್ತು. ಅವರು ಮೇಲ್ಮನವಿ ಹೋದಾಗ 2004ರಲ್ಲಿ ಸುಪ್ರೀಂ ಕೋರ್ಟು ಶಿಕ್ಷೆಯನ್ನು ತಾನಾಗಿ ಗಲ್ಲಿಗೆ ಏರಿಸಿತು. ರಾಷ್ಟ್ರಪತಿಗಳಿಗೆ ಹೋದ ದಯಾ ಅರ್ಜಿ ಒಂಬತ್ತು ವರ್ಷ ಅಲ್ಲಿಯೇ ಕುಳಿತು 2013ರ ಫೆಬ್ರುವರಿ 13ರಂದು ತಿರಸ್ಕೃತವಾಯಿತು. ಹಿಂಡಲಗಾದ ಬಾಗಿಲ ಮುಂದೆ ಪತ್ರಿಕೆಯವರ ಗುಂಪು ನೆರೆಯಿತು. ಹಗ್ಗ ಎಲ್ಲಿಂದ ಬರುತ್ತದೆ, ಎಳೆಯುವವನು ಯಾರು ಎಂಬ ಮಾತು ಚಹಾದಂಗಡಿಗಳಲ್ಲಿ ನಡೆಯಿತು. ಅಲ್ಲಿ ನಾನು ಕೇಳಿದ್ದು ಎರಡೇ ಬಗೆ. ಗೋಡೆ ಕಾಣದವರು ‘ಬೇಗ ಆಗಲಿ’ ಎಂದರು. ಹಿಂಡಲಗಾದ ಕಡೆಯವನೊಬ್ಬ, ಹಾಲು ಹಾಕಲು ಬರುತ್ತಿದ್ದ ಮುದುಕ, ‘ಎಲ್ಲೆರ ಬ್ಯಾರೆ ಕಡೆ ಮಾಡ್ಲಿ, ನಮ್ಮೂರಾಗ ಬ್ಯಾಡ’ ಎಂದ. ಇದನ್ನು ಕರುಣೆಯೆನ್ನಬೇಕೋ ಮೈಲಿಗೆಯ ಅಂಜಿಕೆಯೆನ್ನಬೇಕೋ ನಾನು ಇನ್ನೂ ತೀರ್ಮಾನಿಸಿಲ್ಲ. ಆದರೆ ಶಿಕ್ಷೆಯನ್ನೇ, ಮನುಷ್ಯನನ್ನು ಬದಿಗಿಟ್ಟು, ಬೇಡವೆಂದ ಮಾತನ್ನು ನಾನು ನಮ್ಮ ಸೀಮೆಯಲ್ಲಿ ಕೇಳಿದ್ದು ಅದೊಂದೇ ಸಲ.

2014ರ ಜನೇವರಿ 21ರಂದು ಸುಪ್ರೀಂ ಕೋರ್ಟು ಅರ್ಜಿಗಳ ವಿಳಂಬವೇ ಒಂದು ಕ್ರೌರ್ಯವೆಂದು ಬಗೆದು ದೇಶದ ಹದಿನೈದು ಕೈದಿಗಳ ಗಲ್ಲನ್ನು ಆಜೀವ ಕಾರಾವಾಸಕ್ಕೆ ಇಳಿಸಿತು. ಹಿಂಡಲಗಾದ ನಾಲ್ವರೂ ಅದರಲ್ಲಿದ್ದರು. ಇನ್ನೊಂದು ತೀರ್ಪು ನಮ್ಮ ಊರಿನವರೇ ಹೆಚ್ಚು ಗಮನಿಸದೆ ಹೋದದ್ದು, 2022ರ ನವೆಂಬರ್ 4ರದು. ಬೆಂಗಳೂರಿನಲ್ಲಿ ಅತ್ಯಾಚಾರ, ಕೊಲೆ ಮಾಡಿದ ಅಪರಾಧಿಯೊಬ್ಬನನ್ನು 2006ರಿಂದ 2016ರ ವರೆಗೆ, ಹತ್ತು ವರ್ಷ, ಬೆಳಗಾವಿಯ ಜೈಲಿನಲ್ಲಿ ಒಂಟಿ ಕೋಣೆಯಲ್ಲಿಟ್ಟದ್ದು ಕಾಯದೆಗೆ ವಿರುದ್ಧವೆಂದು ಹೇಳಿ ಕೋರ್ಟು ಅವನ ಗಲ್ಲನ್ನು ತಪ್ಪಿಸಿತು. ಕನಿಷ್ಠ ಮೂವತ್ತು ವರ್ಷ ಸೆರೆ ವಿಧಿಸಿತು. ಅವನ ಅಪರಾಧ ಘೋರವಾದದ್ದು. ಅವನ ಮೇಲೆ ಯಾರೂ ಲಾವಣಿ ಕಟ್ಟುವುದಿಲ್ಲ, ಕಟ್ಟಲೂಬಾರದು. ಆದರೆ ನಾವು ವಾಯುವಿಹಾರಕ್ಕೆ ಹೋಗುವ ಪಟ್ಟಣದಲ್ಲಿ ಹತ್ತು ವರ್ಷ ಒಬ್ಬನನ್ನು ಒಂಟಿಯಾಗಿ ಕೂಡಿಹಾಕಿದ್ದು ನಮಗೆ ತಿಳಿದದ್ದು ದಿಲ್ಲಿಯ ತೀರ್ಪಿನಿಂದ. 1831ರಲ್ಲಿ ಸರಕಾರ ಮಾಡಿದ್ದನ್ನು ನಂದಗಡದ ಜನ ಕಣ್ಣಾರೆ ಕಂಡಿದ್ದರು, ಹಾಡು ಕಟ್ಟಿದರು. ನಾವು ಕಾಣಲಿಲ್ಲ. ಕಾಣದವರ ಅಭಿಪ್ರಾಯಕ್ಕೆ ಬೆಲೆಯೆಷ್ಟು?

ರಾಜ್ಯಗಳ ಅಭಿಪ್ರಾಯವೂ ಹೀಗೆಯೇ ತೂಗಾಡುತ್ತದೆ. 2011ರ ಆಗಸ್ಟಿನಲ್ಲಿ ತಮಿಳುನಾಡಿನ ವಿಧಾನಸಭೆ ರಾಜೀವ ಗಾಂಧಿಯವರ ಕೊಲೆಯ ಮೂವರು ಕೈದಿಗಳಿಗೆ ಗಲ್ಲು ಬೇಡವೆಂದು ಸರ್ವಾನುಮತದಿಂದ ಠರಾವು ಮಾಡಿತು. ಅದು ಆ ಮೂವರಿಗಾಗಿ, ಎಲ್ಲರಿಗಾಗಿ ಅಲ್ಲ. 2015ರಲ್ಲಿ ಕಾಯದೆ ಆಯೋಗ ತನ್ನ 262ನೆಯ ವರದಿಯಲ್ಲಿ, ಭಯೋತ್ಪಾದನೆಯ ಅಪರಾಧಗಳನ್ನು ಬಿಟ್ಟು ಉಳಿದೆಲ್ಲಕ್ಕೆ ಗಲ್ಲು ತೆಗೆಯಿರೆಂದಿತು. ಕೇಂದ್ರ ಸರಕಾರ ರಾಜ್ಯಗಳ ಅಭಿಪ್ರಾಯ ಕೇಳಿತು. 2018ರ ವೇಳೆಗೆ ಉತ್ತರ ಕೊಟ್ಟ ಹದಿನಾಲ್ಕು ಸರಕಾರಗಳಲ್ಲಿ ಹನ್ನೆರಡು ಗಲ್ಲು ಇರಲೆಂದವು. ತೆಗೆಯಬಹುದೆಂದವು ಎರಡೇ. ಒಂದು ತ್ರಿಪುರಾ, ಇನ್ನೊಂದು ಕರ್ನಾಟಕ.

ಇದನ್ನು ಓದಿ ನನಗೆ ಆಶ್ಚರ್ಯವಾಗದಿರಲಿಲ್ಲ. ಅಭಿಮಾನವೂ ಆಯಿತೆಂದು ಒಪ್ಪಿಕೊಳ್ಳುತ್ತೇನೆ. ಆದರೆ ಇಂಥ ಉತ್ತರ ನಮ್ಮ ಬೀದಿಗಳಿಂದ ಬಂದದ್ದಲ್ಲ. ಎಲ್ಲಿಯೂ ಚರ್ಚೆಯಾಗಲಿಲ್ಲ, ಪತ್ರಿಕೆಗಳಲ್ಲಿ ಒಂದು ಮೂಲೆ ಹಿಡಿದು ಹೋಯಿತು. ದಿಲ್ಲಿಯ ವಿದ್ವಾಂಸರು 2016ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಗಲ್ಲಿಗೆ ಕಾದು ಕುಳಿತ ಕೈದಿಗಳ ಸಂಖ್ಯೆಯಲ್ಲಿ ಉತ್ತರ ಪ್ರದೇಶ, ಬಿಹಾರಗಳ ಸಾಲಿನಲ್ಲಿಯೇ ಕರ್ನಾಟಕದ ಹೆಸರು ಮೇಲಿತ್ತು. ಸರಕಾರದ ಕಾಗದ ಒಂದು ಹೇಳುತ್ತದೆ, ಸೆಷನ್ಸ್ ಕೋರ್ಟುಗಳು ಇನ್ನೊಂದು ಮಾಡುತ್ತವೆ, ಬೀದಿ ಮೂರನೆಯದನ್ನು ಕೂಗುತ್ತದೆ. ಅದೇ ಸಮೀಕ್ಷೆಯ ಮತ್ತೊಂದು ಅಂಶ: ದೇಶದ ಅಂಥ ಕೈದಿಗಳಲ್ಲಿ ಮುಕ್ಕಾಲು ಪಾಲು ಬಡವರು. ಸಂಗೊಳ್ಳಿಯ ರಾಯಣ್ಣನೂ, ಹಲಗಲಿಯ ಬೇಡರೂ, ಕಯ್ಯೂರಿನ ರೈತರೂ ಭೂಮಿಯ ಜನ. ಇಷ್ಟರ ಮಟ್ಟಿಗೆ ಮಾತ್ರ ನಂದಗಡಕ್ಕೂ ಹಿಂಡಲಗಾಕ್ಕೂ ಹೋಲಿಕೆ ಉಂಟು. ಇದಕ್ಕಿಂತ ಮುಂದೆ ಎಳೆದರೆ ರಾಯಣ್ಣನಿಗೂ ಅಪಚಾರ, ಕೊಲೆಯಾದ ಹೆಣ್ಣುಮಕ್ಕಳಿಗೂ ಅಪಚಾರ.

ನಂದಗಡದಿಂದ ಹಿಂದಿರುಗುವಾಗ ಬಸ್ಸಿನಲ್ಲಿ ಆ ಹುಡುಗನನ್ನು ಕರೆದು ಪಕ್ಕದಲ್ಲಿ ಕೂಡಿಸಿಕೊಂಡೆ. ಊರ ಮಂದಿ ಏನಂದರೆಂಬುದಕ್ಕೆ ಉತ್ತರ ಅವನೇ ನೋಡಿದ್ದಾನೆ, ಮರದ ಕೆಳಗೆ ಕಟ್ಟಿದೆ ಎಂದೆ. ಅವನು ಸುಮ್ಮನಿದ್ದು, “ಅದು ಆಮ್ಯಾಲಿನ ಮಂದಿ ಅಂದದ್ದ್ರೀ ಸರ್. ಅವತ್ತ ನಿಂತು ನೋಡಿದವ್ರು?” ಎಂದ. ಮುಂದಿನ ಸಾಲಿನಿಂದ ಕೆಂಪು ಮಸಿಯ ಹುಡುಗಿ ತಿರುಗಿ ನೋಡಿದಳು. “ಅವತ್ತ ಯಾರೂ ಮಾತಾಡಿರಂಗಿಲ್ಲ,” ಎಂದಳು. ಖಾನಾಪುರ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಿತು; ಕಡಲೆಕಾಯಿ ಮಾರುವವರು ಕಿಟಕಿಗೆ ಬಂದರು.